ಕೆಂಚನ ನವೆಗೆ ನಾಲ್ಕು ಊಟ: ಕುರಿ ಚೀಲ, ಮೊಸರನ್ನ, ಡಾಕ್ಟರ ಕಾಳು, ಜಿಲೇಬಿ ಮೀನು

ರಾತ್ರಿ ಎರಡು ಗಂಟೆಗೆ ನಮ್ಮ ನಾಯಿ ಕೆಂಚ ಕೆರೆದುಕೊಳ್ಳುವಾಗ ಕೊರಳಪಟ್ಟಿಯ ಬಿಲ್ಲೆ ಟಿಣ್ ಟಿಣ್ ಅನ್ನುತ್ತಿತ್ತು. ಆ ಸದ್ದು ಕೇಳದೆ ಏಳು ತಿಂಗಳಾಯಿತು. ನಮ್ಮ ಹಿತ್ತಿಲಲ್ಲಿ ಬೇಯುವ ಜಿಲೇಬಿ ಮೀನಿನ (ತಿಲಾಪಿಯಾ) ಪುಣ್ಯ. ನನ್ನ ಓಟು ಅದಕ್ಕೇ, ಮೊದಲೇ ಹೇಳಿಬಿಡುತ್ತೇನೆ. ಆದರೆ ಮೀನಿಗೆ ಬರುವ ಮೊದಲು ಬೇರೆ ಮೂರಕ್ಕೆ ದುಡ್ಡು, ನಿದ್ದೆ ಎರಡೂ ಸುರಿದಿದ್ದೇನೆ.

ಕೆಂಚನ ತಾಯಿ ನಮ್ಮ ಬೀದಿಯ ನಾಯಿ. ತಂದೆ ಯಾರದೋ ಮನೆಯ ಲ್ಯಾಬ್ರಡಾರ್ ಇರಬೇಕು. ವಯಸ್ಸು ನಾಲ್ಕು, ತೂಕ 18 ಕೆ.ಜಿ. ಪಾದ ನೆಕ್ಕಿ ನೆಕ್ಕಿ ಕೂದಲು ಕಂದು ಬಣ್ಣಕ್ಕೆ ತಿರುಗಿತ್ತು. ಹೊಟ್ಟೆ ಕೆಂಪು, ಕಂಕುಳಲ್ಲಿ ಕೂದಲಿಲ್ಲ, ಕಿವಿಯಲ್ಲಿ ಹುಳಿ ವಾಸನೆ. ಡಾಕ್ಟರು ಮೊದಲು ಉಣ್ಣೆ, ಚಿಗಟ ಹುಡುಕಿದರು. ಕಜ್ಜಿ ಹುಳ ಇದೆಯಾ ಅಂತ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕಿವಿಗೆ ಔಷಧಿ ಕೊಟ್ಟರು. ಇಷ್ಟೆಲ್ಲ ಆಗಿ, ಮಳೆಗಾಲ ಬೇಸಿಗೆ ಅನ್ನದೆ ವರ್ಷಪೂರ್ತಿ ನವೆ ಇದ್ದದ್ದರಿಂದ ಅನುಮಾನ ಊಟದ ಮೇಲೆ ಹೋಯಿತು. ನಾಯಿಯ ನವೆಗೆ ಚಿಗಟ, ಧೂಳಿನ ಹುಳ, ಪರಾಗ ಇವೇ ಹೆಚ್ಚಾಗಿ ಕಾರಣವಂತೆ, ಊಟದ ಸರದಿ ಆಮೇಲೆ. ರಕ್ತ ಪರೀಕ್ಷೆ ಮಾಡಿಸೋಣವಾ ಅಂತ ಕೇಳಿದೆ. ಊಟದ ಅಲರ್ಜಿಗೆ ಆ ಪರೀಕ್ಷೆ ನಂಬುವ ಹಾಗಿಲ್ಲ, ಹಿಂದೆ ಯಾವತ್ತೂ ತಿನ್ನದ ಒಂದು ಮಾಂಸ, ಒಂದು ಗೆಡ್ಡೆಯನ್ನೋ ಧಾನ್ಯವನ್ನೋ ಎಂಟು ವಾರ ಹಾಕಿ ನೋಡಿ, ಅದೇ ಪರೀಕ್ಷೆ ಅಂದರು. ಎಲಿಮಿನೇಷನ್ ಡಯಟ್ ಅನ್ನುತ್ತಾರೆ ಅದಕ್ಕೆ.

ನಾನು ಸುಮ್ನೆ ಅವರ ಮಾತು ಕೇಳಬೇಕಿತ್ತು. ನಮ್ಮ ತುಮಕೂರಿನ ಬಿ.ಎಚ್. ರಸ್ತೆಯ ಕಡೆ ಹೋದಾಗ ಒಂದು ಅಂಗಡಿಯಲ್ಲಿ ನಾಯಿಯ ಒಣ ಆಹಾರದ, ಅಂದರೆ ಕಾಳಿನ, ಹತ್ತು ಕೆ.ಜಿ. ಚೀಲ ಕಂಡಿತು. ಮೇಲೆ ದೊಡ್ಡದಾಗಿ ಕುರಿಯ ಚಿತ್ರ, ಕೆಳಗೆ ‘ಸೂಕ್ಷ್ಮ ಚರ್ಮಕ್ಕೆ, ಕುರಿ ಮಾಂಸ ಮತ್ತು ಅಕ್ಕಿ’. ಕೆಂಚ ಕುರಿ ತಿಂದವನೇ ಅಲ್ಲ. ನಮ್ಮದು ಮಾಂಸ ಮಾಡದ ಮನೆ. ಇದೇ ಸರಿ ಅಂತ ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ತಂದೆ.

ಐದು ವಾರ ಹಾಕಿದೆ. ನವೆ ಒಂದು ಚೂರೂ ಕಡಿಮೆಯಾಗಲಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಕೂತು, ಮೊಬೈಲಿನ ಬೆಳಕಿನಲ್ಲಿ ಚೀಲದ ಹಿಂಬದಿ ಓದಿದೆ. ಅಕ್ಷರಗಳು ಸಾಸಿವೆ ಗಾತ್ರ. ಕುರಿ ಇತ್ತು, ಇಲ್ಲ ಅನ್ನುವುದಿಲ್ಲ. ಅದರ ಹಿಂದೆಯೇ ಚಿಕನ್ ಮೀಲ್. ಆಮೇಲೆ ಪೌಲ್ಟ್ರಿ ಫ್ಯಾಟ್. ಕೊನೆಗೆ ಚಿಕನ್ ಲಿವರ್ ಡೈಜೆಸ್ಟ್. ಚಿಕನ್ ಮೀಲ್ ಅಂದರೆ ಕೋಳಿಯನ್ನು ಬೇಯಿಸಿ, ನೀರು, ಕೊಬ್ಬು ತೆಗೆದು ಒಣಗಿಸಿದ ಪುಡಿ. ಡೈಜೆಸ್ಟ್ ಅಂದರೆ ನಾಯಿ ಆಸೆಯಿಂದ ತಿನ್ನಲಿ ಅಂತ ಕಾಳಿನ ಮೇಲೆ ಸವರುವ ರುಚಿಯ ರಸ. ಅಂದರೆ ಕುರಿಯ ಹೆಸರಿನಲ್ಲಿ ಐದು ವಾರ ಕೋಳಿ ಉಣಿಸಿದ್ದೆ.

ಕೋಪ ಬಂದು ಅಂಗಡಿಗೆ ಹೋದೆ. ‘ಮೇಡಂ, ಕುರಿ ಇದೆ ಅಂತ ಬರೆದಿದಾರೆ, ಬೇರೇನೂ ಇಲ್ಲ ಅಂತ ಬರೆದಿಲ್ವಲ್ಲ’ ಅಂದರು. ಅವರ ಮಾತೂ ಸರಿಯೇ, ಅದೇ ಉರಿ. ಅಲ್ಲೇ ನಿಂತು ಇನ್ನೂ ನಾಲ್ಕು ಬಗೆಯ ಚೀಲ ತಿರುಗಿಸಿ ಓದಿದೆ. ಮುಂದೆ ಮೀನು, ಹಿಂದೆ ಕೋಳಿ. ಮುಂದೆ ಬಾತುಕೋಳಿ, ಹಿಂದೆ ಕೋಳಿ. ಡಾಕ್ಟರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಒಂದೇ ಯಂತ್ರದಲ್ಲಿ ಹಲವು ಬಗೆಯ ಕಾಳು ತಯಾರಾಗುವುದರಿಂದ, ಲೇಬಲ್ಲಿನಲ್ಲಿ ಇಲ್ಲದ ಮಾಂಸವೂ ಪರೀಕ್ಷೆಗಳಲ್ಲಿ ಸಿಕ್ಕಿದ್ದುಂಟಂತೆ. ಸಾಲದ್ದಕ್ಕೆ ಕುರಿಯೂ ನಾಯಿಗಳಿಗೆ ಅಲರ್ಜಿ ತರುವ ಪಟ್ಟಿಯಲ್ಲೇ ಇದೆ: ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ, ಕುರಿ. ಚರ್ಮಕ್ಕೆ ಒಳ್ಳೆಯದು ಅಂತ ಚೀಲದ ಮೇಲೆ ಬರೆಯುವುದಕ್ಕೂ ನಿಮ್ಮ ನಾಯಿಯ ಚರ್ಮಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ.

ಚೀಲದಲ್ಲಿ ಉಳಿದದ್ದು ಬೀದಿ ನಾಯಿಗಳಿಗೆ ಹೋಯಿತು. ಅವಕ್ಕೆ ಏನೂ ಆಗಲಿಲ್ಲ.

ಎರಡನೆಯದು ಅತ್ತೆಯ ಪಾಳಿ. ‘ಆ ಕೋಳಿ ಕಾಳು ಉಷ್ಣ, ನಾನು ಮೊದಲೇ ಹೇಳಿರಲಿಲ್ಲವಾ? ನಮ್ಮ ಕಾಲದ ನಾಯಿಗಳು ಮುದ್ದೆ, ಮೊಸರನ್ನದಲ್ಲೇ ಬದುಕಿದವು’ ಅಂದರು. ಖರ್ಚಿಲ್ಲದ ಊಟ, ಕೆಂಚನಿಗೂ ಇಷ್ಟ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರು ವಾರದಲ್ಲಿ ನವೆ ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಆದರೆ ಮೈ ಕೂದಲು ಮಂಕಾಗಿ, ಬೆನ್ನು ಮೂಳೆ ಕೈಗೆ ಸಿಗತೊಡಗಿತು. ನಾಯಿಗೆ ಬೇಕಾದಷ್ಟು ಪ್ರೋಟೀನ್ ಮುದ್ದೆ ಮೊಸರಿನಿಂದ ಸಿಗುವುದಿಲ್ಲ. ಪೂರ್ತಿ ಯಾಕೆ ಹೋಗಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಅತ್ತೆ ದಿನಾ ಸಂಜೆ ಕೊಡುತ್ತಿದ್ದ ಮೂಳೆ ಆಕಾರದ ಬಿಸ್ಕತ್ತಿನಲ್ಲಿ ಕೋಳಿ ಇತ್ತು. ಆ ತಿಂಗಳು ಕೊಟ್ಟ ಉಣ್ಣೆ ಮಾತ್ರೆಯಲ್ಲೂ ಮಾಂಸದ ರುಚಿ ಹಾಕಿದ್ದರು. ಈಗ ಅದರ ಬದಲು ಬೆನ್ನಿಗೆ ಬಿಡುವ ಔಷಧಿ ಹಾಕುತ್ತೇವೆ.

ಗ್ರೇನ್ ಫ್ರೀ, ಅಂದರೆ ಧಾನ್ಯವಿಲ್ಲದ ಕಾಳು ತರೋಣವೆಂದರೆ ಡಾಕ್ಟರು ಬೇಡ ಅಂದರು. ಅಂಥ ಕಾಳಿಗೂ ನಾಯಿಗಳ ಹೃದಯದ ಕಾಯಿಲೆಗೂ ನಂಟು ಇದೆಯಾ ಅಂತ 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನಿಖೆ ಶುರು ಮಾಡಿತ್ತು. ಮಾಂಸ, ಹಾಲಿಗೆ ಹೋಲಿಸಿದರೆ ಧಾನ್ಯಕ್ಕೆ ಅಲರ್ಜಿ ಇರುವ ನಾಯಿಗಳೇ ಕಡಿಮೆ. ಅಲ್ಲಿಗೆ ಅದು ಮುಗಿಯಿತು.

ಮೂರನೆಯದು ಡಾಕ್ಟರು ಬರೆದುಕೊಟ್ಟ ಹೈಡ್ರೊಲೈಸ್ಡ್ ಕಾಳು. ಇದರಲ್ಲಿ ಪ್ರೋಟೀನನ್ನು ಎಷ್ಟು ಸಣ್ಣದಾಗಿ ಒಡೆದಿರುತ್ತಾರೆಂದರೆ, ಮೈಗೆ ಅದು ಯಾವುದು ಅಂತ ಸಾಮಾನ್ಯವಾಗಿ ಗುರುತೇ ಹತ್ತುವುದಿಲ್ಲ. ಗುರುತು ಹತ್ತದಿದ್ದರೆ ಜಗಳವಿಲ್ಲ. ಒಡೆದ ಕೋಳಿಯಿಂದ ಮಾಡಿದ್ದೂ ಇವೆ, ಸೋಯಾದಿಂದ ಮಾಡಿದ್ದೂ ಇವೆ. ನಾನು ಸೋಯಾದ್ದು ತರಿಸಿದೆ.

ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ನಾಲ್ಕನೇ ವಾರಕ್ಕೆ ಹೊಟ್ಟೆಯ ಕೆಂಪು ಇಳಿಯಿತು. ಪಾದದ ಬುಡದಲ್ಲಿ ಬಿಳಿ ಕೂದಲು ಕಾಣಿಸಿತು. ತೊಂದರೆ ಬೆಲೆಯದು. ಕೆ.ಜಿ.ಗೆ ಸಾವಿರ ರೂಪಾಯಿ ದಾಟುತ್ತದೆ. ಕೆಂಚನಿಗೆ ದಿನಕ್ಕೆ ಕಾಲು ಕೆ.ಜಿ. ಬೇಕು. ತಿಂಗಳಿಗೆ ಎಂಟು ಸಾವಿರ ಅಂತಿಟ್ಟುಕೊಳ್ಳಿ. ನಮ್ಮ ಮನೆ ರೇಷನ್ನಿಗೇ ಅಷ್ಟಾಗುವುದಿಲ್ಲ. ತುಮಕೂರಿನಲ್ಲಿ ನನಗೆ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಬೇಕು. 70 ಕಿ.ಮೀ. ದೂರದ ಪಾರ್ಸೆಲ್ಲು ಒಮ್ಮೆ ಆರು ದಿನ ತೆಗೆದುಕೊಂಡಿತು. ಡಬ್ಬ ಖಾಲಿ. ಕೆಂಚ ತಟ್ಟೆ ಕಚ್ಚಿಕೊಂಡು ನನ್ನ ಹಿಂದೆ ಹಿಂದೆ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮನೆಯಲ್ಲೇ ಮಾಡುವುದು ಹೇಳಿ ಅಂದೆ.

ಮೀನು ಮತ್ತು ಸಿಹಿ ಗೆಣಸು ಅಂದರು. ಕೆಂಚ ಎರಡನ್ನೂ ತಿಂದಿರಲಿಲ್ಲ.

ಮಾಂಸ ಮಾಡದ ಮನೆಯಲ್ಲಿ ಮೀನು ಬೇಯಿಸುವುದು ಅಂದರೇನು ಅಂತ ಗೊತ್ತಿರುವವರಿಗೆ ಗೊತ್ತು. ಅತ್ತೆ ಎರಡು ದಿನ ಮಾತಾಡಲಿಲ್ಲ. ಆಮೇಲೆ ಹಿತ್ತಿಲಲ್ಲಿ ತೆಂಗಿನ ಮರದ ಬುಡಕ್ಕೆ ಮೂರು ಕಲ್ಲು ಇಟ್ಟು ಒಲೆ ಮಾಡಿಕೊಂಡೆ. ಸೌದೆಗೆ ನಮ್ಮ ಕಡೆ ಬರವೇ? ತೆಂಗಿನ ಮಟ್ಟೆ, ಚಿಪ್ಪು ಬಿದ್ದಿರುತ್ತವೆ. ಹಳೇ ಅಲ್ಯೂಮಿನಿಯಂ ಪಾತ್ರೆ, ಒಂದು ಸೌಟು, ಒಂದು ಚಾಕು ಅಲ್ಲೇ ಇರುತ್ತವೆ, ಒಳಗೆ ಬರುವುದಿಲ್ಲ. ಬೆಳಗ್ಗೆ ಆರಕ್ಕೆ ಬೇಯಿಸಿ, ಸ್ನಾನ ಮಾಡಿ, ಆಮೇಲೆ ಅಡುಗೆಮನೆಗೆ ಕಾಲಿಡುವುದು. ಇದು ಒಪ್ಪಂದ.

ಮೀನಿನ ನಿಜವಾದ ಕಾಟ ಮುಳ್ಳು. ಜಿಲೇಬಿ ಮೀನು ಕೆರೆ ಮೀನುಗಳಲ್ಲಿ ಅಗ್ಗ, ನನಗೆ ಕೆ.ಜಿ.ಗೆ 140ರ ಆಸುಪಾಸಿನಲ್ಲಿ ಸಿಗುತ್ತದೆ. ಆದರೆ ತಲೆ, ಮುಳ್ಳು, ಚರ್ಮ ಕಳೆದರೆ ಮೂರರಲ್ಲಿ ಒಂದು ಪಾಲು ಮಾತ್ರ ತಿರುಳು. 300 ಗ್ರಾಂ ತಿರುಳಿಗೆ ಮುಕ್ಕಾಲು ಕೆ.ಜಿ.ಗೂ ಮೇಲೆ ಮೀನು ಬೇಕು. ಮೊದಲ ವಾರ ಬೆಂದ ಮೀನನ್ನು ಬಿಸಿಯಲ್ಲೇ ಬಿಡಿಸಲು ಹೋಗಿ ಬೆರಳು ಸುಟ್ಟುಕೊಂಡೆ. ಪೂರ್ತಿ ಆರಿಸಿದರೆ ತಿರುಳು ಮುಳ್ಳಿಗೆ ಅಂಟಿಕೊಳ್ಳುತ್ತದೆ. ಉಗುರುಬೆಚ್ಚಗೆ ಇರುವಾಗ ಬೆನ್ನಿನಿಂದ ಕೆಳಕ್ಕೆ ಜಾರಿಸಿದರೆ ಪದರ ಪದರವಾಗಿ ಬರುತ್ತದೆ ಅಂತ ಹೇಳಿಕೊಟ್ಟವರು ಮೀನಿನ ಅಂಗಡಿಯ ಅಕ್ಕ. ಆದರೂ ಕೊನೆಗೆ ಬರಿ ಬೆರಳಿನಲ್ಲಿ ಹಿಸುಕಿ ನೋಡಲೇಬೇಕು. ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಬೆಕ್ಕನ್ನು ಓಡಿಸುತ್ತಾ, ಇಪ್ಪತ್ತು ನಿಮಿಷದ ಕೆಲಸ. ಈಗ ವಾರಕ್ಕೆ ಎರಡು ಸಲ ಮಾಡಿ ಫ್ರಿಜ್ಜಿನಲ್ಲಿಡುತ್ತೇನೆ. ಅದಕ್ಕೂ ಹಳೇ ಪುಟ್ಟ ಫ್ರಿಜ್ ಒಂದು ಬೇರೆ ತರಬೇಕಾಯಿತು. ಆ ಖರ್ಚನ್ನು ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸುವುದೂ ಇಲ್ಲ.

ಉಪ್ಪು, ಖಾರ ಏನೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಒಂದು ಚಮಚ ಎಣ್ಣೆ. ಕ್ಯಾಲ್ಸಿಯಂ ಪುಡಿ, ವಿಟಮಿನ್ ಪುಡಿ ಡಾಕ್ಟರು ತೂಕ ನೋಡಿ ಬರೆದುಕೊಟ್ಟದ್ದು. ಇದನ್ನು ಬಿಟ್ಟರೆ ಮನೆ ಊಟ ನಾಯಿಗೆ ಪೂರ್ತಿ ಊಟವಲ್ಲ. ಮೂಳೆ ತೆಗೆದ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಎಂಟು ವಾರ ತುಂಬಿದ ಮೇಲೆ ಒಂದೊಂದೇ ಹಳೆಯ ಪದಾರ್ಥ ವಾಪಸ್ ಕೊಟ್ಟು ನೋಡುವುದು. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ವಾಸಿಯಾಯಿತಲ್ಲ, ಇನ್ಯಾಕೆ ಅಂತ. ಕೊಟ್ಟು ನೋಡದಿದ್ದರೆ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ. ಪಕ್ಕದ ಮನೆಯವರು ಸಪ್ಪೆಯಾಗಿ ಬೇಯಿಸಿದ ಕೋಳಿ ಕೊಟ್ಟರು. ಮೊದಲ ದಿನ ಏನಿಲ್ಲ, ಎರಡನೇ ದಿನ ಏನಿಲ್ಲ. ಮೂರನೇ ರಾತ್ರಿ ಟಿಣ್ ಟಿಣ್. ನಿಲ್ಲಿಸಿ, ಹತ್ತು ದಿನ ಕಾದು, ರಾಗಿ ಕೊಟ್ಟೆ. ಎರಡು ವಾರ ನೋಡಿದರೂ ಏನೂ ಇಲ್ಲ. ಮೊಸರು ಕೊಟ್ಟೆ, ಏನೂ ಇಲ್ಲ. ಅತ್ತೆಯ ಮುಖ ನೋಡಬೇಕಿತ್ತು.

ರಾಗಿಯಲ್ಲೇ ಬೇಕಾದಷ್ಟು ಕ್ಯಾಲ್ಸಿಯಂ ಇದೆಯಲ್ಲ, ಆ ಪುಡಿ ಯಾಕೆ ಅಂತ ಅವರು ಈಗಲೂ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಇರುವುದು ನಿಜ. ಆದರೆ ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ನಾಯಿಗೆ ಅಷ್ಟು ಸಾಲದು. ಪುಡಿ ನಿಲ್ಲಿಸಿಲ್ಲ.

ಈಗಿನ ಊಟ ಮೀನು, ಸಣ್ಣ ಮುದ್ದೆ, ಒಂದು ಚಮಚ ಮೊಸರು. ಗೆಣಸು ಸಂಕ್ರಾಂತಿ ಹೊತ್ತಿಗೆ ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಅಗ್ಗವಾದಾಗ ಮಾತ್ರ. ಪುಡಿಗಳೂ ಸೇರಿ ತಿಂಗಳಿಗೆ ನಾಲ್ಕೂವರೆ ಸಾವಿರ. ಬೆಳಗ್ಗೆ ಬೇಗ ಏಳುವ ಅಭ್ಯಾಸ, ಹಿತ್ತಿಲು, ಸೌದೆ ಮೂರೂ ನನಗಿವೆ. ಅಪಾರ್ಟ್‌ಮೆಂಟಿನಲ್ಲಿದ್ದು ಎಂಟು ಗಂಟೆಗೆ ರೈಲು ಹಿಡಿಯುವವರಾಗಿದ್ದರೆ, ಸಾಲ ಮಾಡಿಯಾದರೂ ಡಾಕ್ಟರ ಕಾಳನ್ನೇ ಹಾಕುತ್ತಿದ್ದೆ. ಒಂದು ಸಣ್ಣ ಪ್ಯಾಕೆಟ್ ಈಗಲೂ ಇಟ್ಟಿರುತ್ತೇನೆ, ಊರಿಗೆ ಹೋಗುವಾಗ ಬೇಕಾಗುತ್ತದೆ.

ಬೀದಿ ಕೊನೆಯ ಹಾಲಿನ ಬೂತಿನವರು ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ಕೆಂಚನನ್ನು ಕಂಡರೆ ಕೈ ಬಿಸ್ಕತ್ತಿನ ಡಬ್ಬಕ್ಕೇ ಹೋಗುತ್ತದೆ. ಗೋಧಿ ಇನ್ನೂ ಕೊಟ್ಟು ನೋಡಿಲ್ಲ ಅಂದರೆ, ‘ಒಂದೇ ಒಂದು, ಮೇಡಂ, ಪಾಪ’ ಅನ್ನುತ್ತಾರೆ. ಹಾಗಾಗಿ ನಾವು ಈಗ ಹಿಂದಿನ ಬೀದಿಯಿಂದ ವಾಕಿಂಗ್ ಹೋಗುತ್ತೇವೆ.