ಜಿಮ್ನಿಗೆ ಮೊದಲ ಲಿಫ್ಟ್ ಕಿಟ್: ಶಿರಸಿ ಸೀಮೆಯ ದಾರಿಗೆ 40 ಮಿ.ಮೀ. ಸಾಕು

ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿಗೆ ನಾನು ಹಾಕಿಸಿದ್ದು 40 ಮಿ.ಮೀ. ಎತ್ತರಿಸುವ ಕಿಟ್. ಅದರಲ್ಲಿ ನಾಲ್ಕು ಕಾಯಿಲ್ ಸ್ಪ್ರಿಂಗ್, ಅವುಗಳಿಗೆ ಹೊಂದುವ ನಾಲ್ಕು ಉದ್ದನೆಯ ಶಾಕ್ ಅಬ್ಸಾರ್ಬರ್, ಮುಂದಿನ ಆಕ್ಸಲ್ಲಿನ ಕ್ಯಾಸ್ಟರ್ ಕೋನವನ್ನು (ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸರಿಪಡಿಸುವ ರಬ್ಬರ್ ಬುಷ್‌ಗಳು ಹಾಗೂ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ, ಉದ್ದವನ್ನು ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಇವೆ. ಶಿರಸಿ ಪೇಟೆ, ದೇವಿಮನೆ ಘಟ್ಟ, ಕುಮಟೆಯ ಹೆದ್ದಾರಿ, ಅಡಿಕೆ ತೋಟಕ್ಕೂ ಸೊಪ್ಪಿನ ಬೆಟ್ಟಕ್ಕೂ ಹೋಗುವ ಮಣ್ಣುದಾರಿ, ಇವಿಷ್ಟರಲ್ಲಿ ಓಡುವ ಗಾಡಿಗೆ ಈ ಕಿಟ್ ಚೆನ್ನಾಗಿ ಒಪ್ಪುತ್ತದೆ ಎಂಬುದು ಒಂದು ಮಳೆಗಾಲ ಕಳೆದ ಮೇಲಿನ ನನ್ನ ಅಭಿಪ್ರಾಯ. ಹಾಗೆ ಒಪ್ಪಿದ್ದರಲ್ಲಿ ಎತ್ತರದ ಪಾಲಿಗಿಂತ ಶಾಕ್ ಅಬ್ಸಾರ್ಬರಿನ ಪಾಲೇ ದೊಡ್ಡದು.

ಲಿಫ್ಟ್ ಹಾಕಿಸಿದರೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಅಂತರ, ಅಷ್ಟೇ ಹೆಚ್ಚುತ್ತದೆ ಎಂದು ನಂಬಿದವರು ನಮ್ಮಲ್ಲಿ ಬಹಳ. ಜಿಮ್ನಿಗೆ ಮುಂದೆಯೂ ಹಿಂದೆಯೂ ಎರಡು ಬದಿಯ ಚಕ್ರಗಳನ್ನು ಜೋಡಿಸುವ ಇಡಿಯ ಆಕ್ಸಲ್ ಇರುವುದರಿಂದ ಸ್ಪ್ರಿಂಗ್ ಎತ್ತರಿಸಿದಾಗ ಮೇಲೇರುವುದು ಚಾಸಿಯೂ ಬಾಡಿಯೂ ಮಾತ್ರ. ಆಕ್ಸಲ್ಲಿನ ಮೇಲಿರುವ ಡಿಫರೆನ್ಷಿಯಲ್ ಗೇರುಗಳ ಉಬ್ಬು ಡಬ್ಬಿ, ಅಂದರೆ ಹೌಸಿಂಗ್, ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರಿನಿಂದ ಮಾತ್ರ ಸಾಧ್ಯ. ಕಂಪನಿಯ 195/80 ಆರ್15 ಟೈರಿನ ವ್ಯಾಸ ಲೆಕ್ಕದಲ್ಲಿ 693 ಮಿ.ಮೀ.; ಅದರ ಜಾಗದಲ್ಲಿ 235/75 ಆರ್15 ಹಾಕಿದರೆ ವ್ಯಾಸ ಸುಮಾರು 733 ಆಗುತ್ತದೆ, ಹೌಸಿಂಗ್ ಏರುವುದು ಆ ಹೆಚ್ಚಳದ ಅರ್ಧ, ಅಂದರೆ 20 ಮಿ.ಮೀ. ಆದರೆ ಆ ಭಾರದ ಟೈರುಗಳನ್ನು ಹೊತ್ತು ದೇವಿಮನೆ ಏರುವಾಗ 1.5 ಲೀಟರಿನ ಪೆಟ್ರೋಲ್ ಎಂಜಿನ್ ಮತ್ತೆ ಮತ್ತೆ ಗೇರ್ ಇಳಿಸಬೇಕೆನ್ನುತ್ತದೆ, ಸ್ಪೀಡೋಮೀಟರೂ ನಿಜಕ್ಕಿಂತ ಕಡಿಮೆ ವೇಗವನ್ನು ತೋರಿಸುತ್ತದೆ. ಆದ್ದರಿಂದ ನಾನು ಟೈರಿನ ಅಳತೆಯನ್ನು ಬದಲಿಸಲಿಲ್ಲ. ಜೂನ್ ಮಳೆಗೆ ಕೊರಕಲು ಬಿದ್ದ ಜಂಬಿಟ್ಟಿಗೆ ದಾರಿಯಲ್ಲಿ ಹೊಟ್ಟೆ ತಾಗುವುದು ನಿಂತಿದೆ, ದರೆಯಂಚಿನಲ್ಲಿ ಬಂಪರ್ ಉಜ್ಜುವುದೂ ಕಡಿಮೆಯಾಗಿದೆ. ಆದರೆ ನಡುದಾರಿಯ ದಿಣ್ಣೆ ಎತ್ತರವಾಗಿದ್ದಲ್ಲಿ ಹೌಸಿಂಗ್ ಇಂದಿಗೂ ತಾಗುತ್ತದೆ.

ಅಗ್ಗದ ದಾರಿಯೆಂದರೆ ಸ್ಪೇಸರ್. ಮೂಲ ಸ್ಪ್ರಿಂಗಿನ ಮೇಲೆ ಒಂದು ಬಿಲ್ಲೆಯನ್ನು ಕೂರಿಸಿದರೆ ಎತ್ತರವೇನೋ ಬರುತ್ತದೆ. ಆದರೆ ಶಾಕ್ ಅಬ್ಸಾರ್ಬರ್ ಹಳೆಯ ಉದ್ದದ್ದೇ ಆಗಿರುವುದರಿಂದ ಚಕ್ರ ಕೆಳಗಿಳಿಯಲು ಇದ್ದ ಅವಕಾಶ ಅಷ್ಟೇ ಕುಗ್ಗುತ್ತದೆ, ಕೊರಕಲಿನಲ್ಲಿ ಒಂದು ಚಕ್ರ ಬೇಗ ಗಾಳಿಯಲ್ಲಿ ತೂಗುತ್ತದೆ, ಶಾಕ್ ತುದಿಗೆ ಬಂದು ಬಡಿಯುತ್ತದೆ. ತೋಟದ ದಾರಿಗೆ ಬೇಕಾದದ್ದು ಚಕ್ರ ನೆಲ ಬಿಡದಿರುವುದೇ ಆದ್ದರಿಂದ ಸ್ಪೇಸರನ್ನು ನಾನು ಯಾರಿಗೂ ಹೇಳಲಾರೆ.

ಸ್ಪ್ರಿಂಗನ್ನು ಆರಿಸುವಾಗ ನೋಡಬೇಕಾದದ್ದು ಗಾಡಿಯ ಮೇಲೆ ಸದಾ ಇರುವ ಭಾರವನ್ನು. ಜಿಮ್ನಿಯ ಖಾಲಿ ತೂಕ ಸುಮಾರು 1,200 ಕೆ.ಜಿ. ಮಾತ್ರ. ಉಕ್ಕಿನ ಬಂಪರ್, ವಿಂಚ್, ಮೇಲಿನ ಕ್ಯಾರಿಯರ್ ಇದ್ದವರಿಗೆಂದು ಮಾಡಿದ ಗಡಸು ಸ್ಪ್ರಿಂಗನ್ನು ಇಂಥ ಹಗುರ ಗಾಡಿಗೆ ಹಾಕಿದರೆ ಅದು ಚೆಂಡಿನಂತೆ ಪುಟಿಯುತ್ತದೆ, ಎತ್ತರವೂ ಹೇಳಿದ್ದಕ್ಕಿಂತ ಹೆಚ್ಚಾಗಿ ನಿಲ್ಲುತ್ತದೆ. ಸುಗ್ಗಿಯಲ್ಲಿ ಎರಡು ಮೂರು ಚೀಲ ಚಾಲಿ ಅಡಿಕೆ ಹೇರುತ್ತೇವೆಂಬ ಕಾರಣಕ್ಕೆ ಭಾರದ ಸ್ಪ್ರಿಂಗ್ ಬೇಡ. ಅದು ವರ್ಷದಲ್ಲಿ ಕೆಲವೇ ದಿನದ ಹೊರೆ. ನಾನು ಆರಿಸಿದ್ದು ಹಗುರ ಭಾರದ ಜೋಡಿ. ಮೂಲ ಶಾಕಿನಲ್ಲಿ ಗುಂಡಿಯೊಂದನ್ನು ದಾಟಿದ ಮೇಲೆ ಉಳಿಯುತ್ತಿದ್ದ ತೂಗಾಟ ಈಗ ಒಂದೇ ಏರಿಳಿತಕ್ಕೆ ನಿಲ್ಲುತ್ತದೆ, ಹಿಂದೆ ಕುಳಿತ ಮನೆಯ ಹಿರಿಯರೂ ಇದನ್ನು ಗಮನಿಸಿ ಹೇಳಿದರು. ನಿಧಾನಗತಿಯಲ್ಲಿ ಸಣ್ಣ ಕಲ್ಲುಗಳ ಮೇಲೆ ಮಾತ್ರ ಮೊದಲಿಗಿಂತ ತುಸು ಗಡಸು.

ಕ್ಯಾಸ್ಟರ್ ಬುಷ್ ಮತ್ತು ಪ್ಯಾನ್‌ಹಾರ್ಡ್ ರಾಡನ್ನು ಬಿಟ್ಟು ದುಡ್ಡು ಉಳಿಸಬಹುದೆಂದು ಗ್ಯಾರೇಜಿನವರು ಸಾಮಾನ್ಯವಾಗಿ ಹೇಳುತ್ತಾರೆ. ಗಾಡಿ ಎದ್ದಂತೆ ಕ್ಯಾಸ್ಟರ್ ಕೋನ ಕಡಿಮೆಯಾಗಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಸೊರಗುತ್ತದೆ, ಪ್ಯಾನ್‌ಹಾರ್ಡ್ ರಾಡಿನ ಓರೆ ಹೆಚ್ಚಿ ಆಕ್ಸಲ್ ಒಂದು ಬದಿಗೆ ಸರಿಯುತ್ತದೆ. ಮಣ್ಣುದಾರಿಯಲ್ಲಿ ಇದು ತಿಳಿಯದಿರಬಹುದು. ಕುಮಟೆ–ಅಂಕೋಲೆ ನಡುವಿನ ಹೆದ್ದಾರಿಯ ವೇಗದಲ್ಲಿ ತಿಳಿದೇ ತಿಳಿಯುತ್ತದೆ. 40 ಮಿ.ಮೀ.ಗಿಂತ ಮೇಲೆ ಹೋದಷ್ಟೂ ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟಿನ ಕೋನ ಎಂದು ಖರ್ಚಿನ ಪಟ್ಟಿ ಬೆಳೆಯುತ್ತದೆ, ಗಾಡಿಯ ಗುರುತ್ವ ಕೇಂದ್ರವೂ ಏರಿ ಘಟ್ಟದ ತಿರುವಿನಲ್ಲಿ ವಾಲುವಿಕೆ ಹೆಚ್ಚುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಕಿಟ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು. ವಾರಂಟಿಯ ಪ್ರಶ್ನೆಯನ್ನೂ ಆಗಲೇ ಕೇಳಿಬಿಡಿ.

ಜೋಡಣೆಯ ಬಗ್ಗೆ ಒಂದು ಆಕ್ಷೇಪವಿದೆ. ಕೆಲಸ ಮಾಡಿದ ಗ್ಯಾರೇಜಿನವರು ಅಲೈನ್‌ಮೆಂಟ್ ಮಾಡಿಕೊಟ್ಟರೇ ಹೊರತು ಹೆಡ್‌ಲೈಟಿನ ದಿಕ್ಕನ್ನು ತಗ್ಗಿಸಲಿಲ್ಲ. ಎದುರಿನ ಲಾರಿಯವರು ಡಿಮ್ ಮಾಡೆಂದು ಮಿನುಗಿಸಿದ ಮೇಲೆ ನಾನೇ ಹೇಳಿ ಮಾಡಿಸಬೇಕಾಯಿತು. ಬುಷ್‌ಗಳ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲಿರುವಾಗ ಪೂರ್ತಿ ಬಿಗಿಯಬಾರದು, ಚಕ್ರ ನೆಲಕ್ಕಿಳಿದು ಭಾರ ಕೂತ ಮೇಲೆಯೇ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಇದನ್ನು ನಿಂತು ನೋಡಿ ಮಾಡಿಸಿಕೊಳ್ಳಿ, ಸಾವಿರ ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ. ಕಾರವಾರದ ಕಡೆಯವರಾದರೆ ಉಪ್ಪುಗಾಳಿಗೆ ಸ್ಪ್ರಿಂಗಿನ ಬಣ್ಣ ಎಲ್ಲಿ ಕಿತ್ತಿದೆಯೋ ಅಲ್ಲಿಂದಲೇ ತುಕ್ಕು ಶುರುವಾಗುವುದರಿಂದ ಸರ್ವಿಸಿಗೆ ಬಿಟ್ಟಾಗಲೆಲ್ಲ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸುವುದು ಅಗತ್ಯ.