ಆರು ವಾರಗಳ ನಿದ್ರಾ ಚಿಕಿತ್ಸೆ: ಜಯನಗರದ ಒಂದು ಕ್ಲಿನಿಕ್ಕಿನ ಅನುಭವ

ಬಿಸಿಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯುವುದರಿಂದ ಹಿಡಿದು ಮಳೆಯ ಸದ್ದು ಕೇಳಿಸುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟುವವರೆಗೆ ಎಲ್ಲವನ್ನೂ ಮಾಡಿ ನೋಡಿದ ಮೇಲೆ, ಕಳೆದ ಮಳೆಗಾಲದಲ್ಲಿ ನಾನು ಜಯನಗರದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಆರು ವಾರಗಳ ನಿದ್ರಾ ಚಿಕಿತ್ಸೆಗೆ ಹೆಸರು ಬರೆಸಿದೆ. ಅಲ್ಲಿಯ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ಭೇಟಿಗೆ 1,500 ರೂಪಾಯಿಯಂತೆ ಒಟ್ಟು 9,000 ರೂಪಾಯಿ ಖರ್ಚಾಯಿತು.

ಹಗಲು ಯಾರೋ ಆಡಿದ ಒಂದು ಮಾತು ರಾತ್ರಿ ಹನ್ನೊಂದರ ಮೇಲೆ ನನ್ನ ತಲೆಯಲ್ಲಿ ಮತ್ತೆ ಎದ್ದು ಕೂರುತ್ತದೆ. ಕಚೇರಿಯ ಹಿರಿಯರು ನನ್ನ ಟಿಪ್ಪಣಿಗೆ ‘ಸರಿ, ನೋಡೋಣ’ ಎಂದಷ್ಟೇ ಉತ್ತರಿಸಿದರೆ, ಆ ‘ಸರಿ’ಯಲ್ಲಿ ಬೇಸರವಿತ್ತೇ, ‘ನೋಡೋಣ’ದಲ್ಲಿ ತಾತ್ಸಾರವಿತ್ತೇ ಎಂದು ಒಂದೊಂದಾಗಿ ಬಿಡಿಸುತ್ತಾ ಹೋಗಿ, ಮೂರು ಗಂಟೆಯ ಹೊತ್ತಿಗೆ ಹತ್ತು ವರ್ಷಗಳ ಹಿಂದೆ ಅತ್ತಿಗೆಯ ಮನೆಯ ಗೃಹಪ್ರವೇಶದಲ್ಲಿ ನಾನೇ ಆಡಿದ ಒಂದು ಅಚಾತುರ್ಯದ ಮಾತಿಗೆ ಬಂದು ನಿಂತಿರುತ್ತೇನೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ಬುದ್ಧಿ ಹೇಳದ ನೆಂಟರೇ ನನಗಿಲ್ಲ. ಆ ಗಾದೆ ಕೇಳಿದ ರಾತ್ರಿ, ನಾನೇಕೆ ಅಂಥವಳಾಗಲಾರೆ ಎಂಬುದೇ ಹೊಸ ಚಿಂತೆಯಾಗುತ್ತದೆ.

ಕ್ಲಿನಿಕ್ಕಿನಲ್ಲಿ ಕೊಡುವುದು ಸಿಬಿಟಿ-ಐ, ಅಂದರೆ ನಿದ್ರಾಹೀನತೆಗೆಂದೇ ರೂಪಿಸಿದ ಆಲೋಚನೆ ಮತ್ತು ವರ್ತನೆಯ ಚಿಕಿತ್ಸೆ. ಮಾತ್ರೆಗಳಿಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿಯೇ ಸಲಹೆ ಮಾಡಿದೆ. ಮೊದಲ ದಿನ ನಿದ್ರಾಹೀನತೆಯ ತೀವ್ರತೆ ಅಳೆಯುವ ಏಳು ಪ್ರಶ್ನೆಗಳ ಒಂದು ಹಾಳೆ ತುಂಬಿಸಿಕೊಂಡರು. ಅದರಲ್ಲಿ ಗರಿಷ್ಠ ಅಂಕ 28; ನನಗೆ 19 ಬಂತು. ಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂದುದಕ್ಕೆ ಅಳು ಬಂದದ್ದು ಅದೇ ಮೊದಲು. ಆಮೇಲೆ ಒಂದು ವಾರ ನಿದ್ದೆಯ ದಿನಚರಿ ಬರೆಯಿಸಿ, ನಾನು ಹಾಸಿಗೆಯಲ್ಲಿ ದಿನಕ್ಕೆ ಎಂಟೂವರೆ ಗಂಟೆ ಇದ್ದರೂ ನಿದ್ದೆ ಮಾಡುತ್ತಿದ್ದುದು ಸರಾಸರಿ ಐದೂಕಾಲು ಗಂಟೆ ಮಾತ್ರ ಎಂದು ಲೆಕ್ಕ ತೆಗೆದರು.

ಎರಡನೆಯ ಭೇಟಿಯಲ್ಲಿ ಅವರು ಹೇಳಿದ್ದು ಕೇಳಿ ನಾನು ಎದ್ದು ಬರುವವಳಿದ್ದೆ. ಇನ್ನು ಮುಂದೆ ಹನ್ನೆರಡೂಕಾಲಕ್ಕೆ ಮೊದಲು ಮಲಗಬಾರದು, ಬೆಳಿಗ್ಗೆ ಐದೂಮುಕ್ಕಾಲಿಗೆ ಏಳಲೇಬೇಕು, ಭಾನುವಾರವೂ ಇದೇ. ನಿದ್ದೆ ಇಲ್ಲವೆಂದು ಹೋದವಳಿಗೆ ಇದ್ದ ನಿದ್ದೆಯ ವೇಳೆಯನ್ನೂ ಕತ್ತರಿಸಿ ಕೊಟ್ಟಂತಾಯಿತು. ಇದರ ತರ್ಕ ಇಷ್ಟು: ಎಚ್ಚರವಿರುವ ಹೊತ್ತು ಹೆಚ್ಚಿದಷ್ಟೂ ದೇಹ ನಿದ್ದೆಗಾಗಿ ಹಸಿಯುತ್ತದೆ, ಮತ್ತು ಹಾಸಿಗೆಯಲ್ಲಿ ಹೊರಳಾಡುತ್ತಾ ಯೋಚಿಸುವ ಅಭ್ಯಾಸಕ್ಕೆ ಜಾಗವೇ ಸಿಗುವುದಿಲ್ಲ. ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇ. 85ಕ್ಕೂ ಹೆಚ್ಚು ಪಾಲು ನಿದ್ದೆಯಾದ ವಾರ ಹದಿನೈದು ನಿಮಿಷ ಸೇರಿಸಿ ಕೊಡುತ್ತಾರೆ. ಸುಮಾರು ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ, ಗಡಿಯಾರ ನೋಡದೆ ಅಂದಾಜಿನ ಮೇಲೆಯೇ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಬೇಸರ ತರುವ ಯಾವುದಾದರೂ ಕೆಲಸ ಮಾಡಬೇಕು. ನಾನು ನಡುಮನೆಯ ಮೂಲೆಯ ಬೆತ್ತದ ಕುರ್ಚಿಯಲ್ಲಿ ಕುಳಿತು, ಸ್ಟೀಲ್ ತಟ್ಟೆಯಲ್ಲಿ ಹೆಸರುಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಈಗಿನ ಪ್ಯಾಕೆಟ್ ಕಾಳಿನಲ್ಲಿ ಕಲ್ಲು ಎಲ್ಲಿ ಬರಬೇಕು? ಆರಿಸಿದ್ದನ್ನೇ ಮತ್ತೆ ಆರಿಸುತ್ತಾ ತೂಕಡಿಕೆ ಬಂದಾಗ ಹೋಗಿ ಮಲಗುತ್ತಿದ್ದೆ. ಮೂರನೆಯ ರಾತ್ರಿ ನೀರು ಕುಡಿಯಲು ಎದ್ದ ಯಜಮಾನರು ‘ಅಂಗಡಿ ಇಡ್ತೀಯೇನು?’ ಎಂದು ಕೇಳಿ ಹೋಗಿ ಮಲಗಿ, ಎರಡೇ ನಿಮಿಷದಲ್ಲಿ ಗೊರಕೆ ಹೊಡೆದರು.

ಆ ವಾರ ನಿಜಕ್ಕೂ ಕಷ್ಟದ್ದು. ಒಂದು ಸಂಜೆ ಕ್ಲಿನಿಕ್ಕಿನಿಂದ ಹಿಂದಿರುಗುವಾಗ, ಜಯನಗರದಿಂದ ಬನಶಂಕರಿಗೆ ಎರಡೇ ನಿಲ್ದಾಣವಿದ್ದರೂ ಮೆಟ್ರೊದಲ್ಲಿ ಜೊಂಪು ಹತ್ತಿ ಕೊನೆಯ ನಿಲ್ದಾಣವಾದ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಹೋಗಿಬಿಟ್ಟೆ. ವಾಹನ ಓಡಿಸುವವರು ಈ ಹಂತದಲ್ಲಿ ಎಚ್ಚರವಾಗಿರಬೇಕು. ಮೂರ್ಛೆರೋಗ ಅಥವಾ ಬೈಪೋಲಾರ್ ತೊಂದರೆ ಇರುವವರು ವೈದ್ಯರ ನಿಗಾ ಇಲ್ಲದೆ ಇದಕ್ಕೆ ಕೈ ಹಾಕಬಾರದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರ ಪರೀಕ್ಷೆಯೇ ಬೇರೆ. ಇಷ್ಟನ್ನೂ ಅವರು ಮೊದಲೇ ವಿಚಾರಿಸಿಕೊಂಡರು ಎಂಬುದು ಕ್ಲಿನಿಕ್ಕಿಗೆ ಸಲ್ಲಬೇಕಾದ ಮೆಚ್ಚುಗೆ.

ನನ್ನಂಥವರಿಗೆ ಮುಖ್ಯವಾದುದು ‘ಚಿಂತೆಯ ವೇಳೆ’. ಸಂಜೆ ಏಳಕ್ಕೆ ಇಪ್ಪತ್ತು ನಿಮಿಷ ಕುಳಿತು, ರಾತ್ರಿ ಕಾಡಬಹುದಾದುದನ್ನೆಲ್ಲ ಎಡಗಡೆ ಬರೆದು, ಬಲಗಡೆ ಅದಕ್ಕೆ ನಾಳೆ ಮಾಡಬಹುದಾದ ಒಂದು ಕೆಲಸವನ್ನೋ ಅಥವಾ ಆ ಮಾತಿಗೆ ಇರಬಹುದಾದ ಇನ್ನೊಂದು ಅರ್ಥವನ್ನೋ ಬರೆಯಬೇಕು. ಅವರು ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಮೊದಲ ವಾರ ನಾನೂ ಇಂಗ್ಲಿಷಿನಲ್ಲೇ ತುಂಬಿದೆ. ಓದಿದರೆ ಯಾವುದೋ ಕಂಪನಿಯ ವರದಿಯಂತಿತ್ತು, ನನ್ನ ಸಂಕಟ ಅದರಲ್ಲಿ ಎಲ್ಲೂ ಇರಲಿಲ್ಲ. ನನಗೆ ಚಿಂತೆ ಬರುವುದು ಕನ್ನಡದಲ್ಲಿ. ‘ಅವರು ಹಾಗ್ಯಾಕೆ ಅಂದರು’ ಎಂಬುದರಲ್ಲಿರುವ ಆ ‘ಹಾಗ್ಯಾಕೆ’ಯನ್ನು ಅನುವಾದಿಸಿದ ಕೂಡಲೇ ಅದರ ಮುಳ್ಳು ಮುರಿದುಹೋಗುತ್ತದೆ, ಆದರೆ ಕಾಗದದ ಮೇಲೆ ಮಾತ್ರ, ರಾತ್ರಿ ಅದು ಹಾಗೆಯೇ ಚುಚ್ಚುತ್ತದೆ. ಎರಡನೆಯ ವಾರ ಹಾಳೆಯನ್ನು ಬದಿಗಿಟ್ಟು ರೂಲ್ ಹಾಕಿದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡು ಹೋದೆ. ಆಪ್ತಸಮಾಲೋಚಕಿ ಹಾಸನದ ಕಡೆಯವರು. ಬರೆದದ್ದನ್ನು ಓದಿ, ‘ಮೇಡಂ, ‘ಸರಿ, ನೋಡೋಣ’ ಅಂದರೆ ‘ಸರಿ, ನೋಡೋಣ’ ಅಂತಲೇ ಇರಬಹುದಲ್ವಾ?’ ಎಂದರು. ಕೊಟ್ಟ ಹಣಕ್ಕೆ ಸಿಕ್ಕ ಅತಿ ಬೆಲೆಯುಳ್ಳ ಮಾತು ನನ್ನ ಮಟ್ಟಿಗೆ ಅದೇ. ಹಾಗಿರುವಾಗ ಬೆಂಗಳೂರಿನ ಕ್ಲಿನಿಕ್ಕೊಂದು ನಾಲ್ಕು ಪುಟಗಳ ಕನ್ನಡ ಹಾಳೆ ಅಚ್ಚು ಹಾಕಿಸಲಾರದೆ ಹೋದುದೇಕೆ ಎಂದು ತಿಳಿಯಲಿಲ್ಲ.

ಕಾಫಿಯ ವಿಷಯದಲ್ಲಿ ರಾಜಿ ಇಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ, ಸಂಜೆ ಐದರ ಫಿಲ್ಟರ್ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಲೋಟ ಉಳಿದಿರುತ್ತದೆ. ಮಧ್ಯಾಹ್ನದ ನಂತರ ಬಿಟ್ಟಿದ್ದೇನೆ, ಸಂತೋಷದಿಂದಲ್ಲ.

ಸದ್ದಿನ ಬಗ್ಗೆ ಮಾತ್ರ ಕ್ಲಿನಿಕ್ಕಿನವರ ಬಳಿ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಮಿತಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆಯಾದರೂ, ಪಕ್ಕದ ಸೈಟಿಗೆ ರಾತ್ರಿ ಒಂದಕ್ಕೆ ಜಲ್ಲಿ ಸುರಿಯುವ ಲಾರಿ ಅದನ್ನು ಓದಿಕೊಂಡು ಬರುವುದಿಲ್ಲ. ಇದಕ್ಕೆ ನಾನೇ ಕಂಡುಕೊಂಡದ್ದು ಔಷಧಿ ಅಂಗಡಿಯ ಫೋಮ್ ಇಯರ್‌ಪ್ಲಗ್: ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು.

ಕ್ಲಿನಿಕ್ಕಿನ ಕೌಂಟರಿನಲ್ಲಿ ಪ್ರತಿ ಸಲವೂ ನಿದ್ದೆಗೆಂದು ಮಾರುವ ಮಿಠಾಯಿಯಂಥ ಗುಳಿಗೆಗಳ ಡಬ್ಬಿ ಮುಂದಿಡುತ್ತಾರೆ. ಒಳಗೆ ಸಮಾಲೋಚಕಿ ಬೇಡವೆಂದದ್ದನ್ನು ಹೊರಗೆ ಮಾರುವುದು ಸರಿ ಕಾಣಲಿಲ್ಲ. ಕೊಟ್ಟ ಸಮಯಕ್ಕಿಂತ ನಲವತ್ತು ನಿಮಿಷ ತಡವಾಗುವುದೂ ಮಾಮೂಲು.

ಆರನೆಯ ವಾರದ ಕೊನೆಗೆ ನನ್ನ ಅಂಕ 19ರಿಂದ 10ಕ್ಕೆ ಇಳಿದಿತ್ತು. ಈಗ ಹನ್ನೊಂದೂವರೆಗೆ ಮಲಗುತ್ತೇನೆ. ವಾರಕ್ಕೊಂದು ರಾತ್ರಿ ಹೆಸರುಕಾಳಿನ ತಟ್ಟೆ ಈಗಲೂ ಹೊರಗೆ ಬರುತ್ತದೆ. ಇಷ್ಟು ಹಣ ಹೊಂದಿಸಲಾಗದವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇಂಥ ಕ್ಲಿನಿಕ್ಕಿಗೇ ಹೋಗುವವರು ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯಿರಿ, ಮತ್ತು ನೋಟ್‌ಬುಕ್ಕನ್ನು ಮನೆಯಿಂದಲೇ ಒಯ್ಯಿರಿ.