ನೇಟಿವ್ ಫಂಕ್ಷನ್ ಕೊಡುವ ಪಾಯಿಂಟರ್‌ಗೆ ‘ಸ್ಟ್ರಿಂಗ್’ ಅಂತ ಬರೆದಿದ್ದೀರಾ? ಹುಷಾರು

ಸಿ ಶಾರ್ಪ್‌ನಿಂದ ಸಿ ಲೈಬ್ರರಿಯ ಫಂಕ್ಷನ್ ಕರೆಯುತ್ತಿದ್ದೀರಾ? ಅದು ಕ್ಯಾರ್ ಪಾಯಿಂಟರ್ (ಅಕ್ಷರಗಳಿರುವ ಮೆಮೊರಿಯ ವಿಳಾಸ) ವಾಪಸ್ ಕೊಡುತ್ತದಾ? ಹಾಗಿದ್ದರೆ ಆ ಫಂಕ್ಷನ್‌ಗಳನ್ನು ಸಿ ಶಾರ್ಪ್‌ಗೆ ಪರಿಚಯಿಸುವ ಡಿಎಲ್‌ಎಲ್‌ಇಂಪೋರ್ಟ್ ಸಾಲುಗಳನ್ನು ಇವತ್ತೇ ತೆಗೆದು ನೋಡಿ. ರಿಟರ್ನ್ ಟೈಪ್ ‘ಸ್ಟ್ರಿಂಗ್’ ಅಂತ ಇದ್ದರೆ ಮುಂದೆ ಓದಿ.

ನಾವು ಕೊಂಡ ಒಂದು ಲೈಬ್ರರಿಯ ಜೊತೆ ರೆಡಿಮೇಡ್ ರ್ಯಾಪರ್ (ಅದನ್ನು ಸಿ ಶಾರ್ಪ್‌ನಿಂದ ಕರೆಯಲು ಬರೆದಿಟ್ಟ ಕೋಡ್) ಬಂದಿತ್ತು. ಅದರಲ್ಲಿ ಎಲ್ಲ ಕಡೆ ಹಾಗೇ ಬರೆದಿದ್ದರು. ಲಿನಕ್ಸ್ ಸರ್ವರ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಆಗೊಮ್ಮೆ ಈಗೊಮ್ಮೆ ಇಡೀ ಪ್ರೋಸೆಸ್ ಸತ್ತು ಬೀಳುತ್ತಿತ್ತು. ಲಾಗ್‌ನಲ್ಲಿ ಏನೂ ಇಲ್ಲ. ಟ್ರೈ-ಕ್ಯಾಚ್ ಹಾಕಿದರೂ ಉಪಯೋಗ ಇಲ್ಲ, ಯಾಕೆಂದರೆ ಇಲ್ಲಿ ಎಕ್ಸೆಪ್ಷನ್ನೇ ಬರುವುದಿಲ್ಲ, ಸಿ ರನ್‌ಟೈಮೇ ಅಬಾರ್ಟ್ ಮಾಡಿಬಿಡುತ್ತದೆ. ಕೊನೆಗೆ ಎರರ್ ಔಟ್‌ಪುಟ್‌ನಲ್ಲಿ ‘ಫ್ರೀ: ಇನ್‌ವ್ಯಾಲಿಡ್ ಪಾಯಿಂಟರ್’ ಅನ್ನುವ ಒಂದೇ ಸಾಲು ಸಿಕ್ಕಿತು.

ಫ್ರೀ ಅಂದರೆ ಮೆಮೊರಿ ಬಿಡುಗಡೆ ಮಾಡುವ ಸಿ ಫಂಕ್ಷನ್. ನಮ್ಮ ಕೋಡ್‌ನಲ್ಲಿ ಎಲ್ಲೂ ಅದನ್ನು ಕರೆದಿರಲಿಲ್ಲ. ಕರೆಯುತ್ತಿದ್ದದ್ದು ಡಾಟ್‌ನೆಟ್. ರಿಟರ್ನ್ ಟೈಪ್ ಸ್ಟ್ರಿಂಗ್ ಆಗಿದ್ದರೆ ಅದರ ಮಾರ್ಷಲರ್ (ಸಿ ಮತ್ತು ಸಿ ಶಾರ್ಪ್ ನಡುವೆ ಡೇಟಾ ಬದಲಾಯಿಸುವ ಭಾಗ) ಮೊದಲು ಅಕ್ಷರಗಳನ್ನು ಕಾಪಿ ಮಾಡಿಕೊಳ್ಳುತ್ತದೆ. ಆಮೇಲೆ ಮೂಲ ಪಾಯಿಂಟರನ್ನು ತಾನೇ ಕೋಟಾಸ್ಕ್‌ಮೆಮ್‌ಫ್ರೀ ಅನ್ನುವ ಮೆಮೊರಿ ಬಿಡುವ ಫಂಕ್ಷನ್‌ಗೆ ಕೊಟ್ಟುಬಿಡುತ್ತದೆ. ಲಿನಕ್ಸ್‌ನಲ್ಲಿ ಅದು ಕೊನೆಗೆ ಸಿ-ಯ ಫ್ರೀಗೇ ಹೋಗುತ್ತದೆ. ಹಾಗಾಗಿ ಲೈಬ್ರರಿ ಮ್ಯಾಲಕ್ ಮಾಡಿದ (ಸಿ-ಯ ಮ್ಯಾಲಕ್ ಫಂಕ್ಷನ್‌ನಿಂದ ಪಡೆದ) ಮೆಮೊರಿ ಅದೃಷ್ಟಕ್ಕೆ ಸರಿಯಾಗಿ ಬಿಡುಗಡೆ ಆಗುತ್ತಿತ್ತು. ಎರರ್ ಮೆಸೇಜ್ ಕೊಡುವ ಫಂಕ್ಷನ್ ಮಾತ್ರ ಸ್ಟ್ಯಾಟಿಕ್ ಸ್ಟ್ರಿಂಗ್‌ನ, ಅಂದರೆ ಲೈಬ್ರರಿಯೊಳಗೇ ಕಾಯಂ ಇರುವ ಸ್ಟ್ರಿಂಗ್‌ನ, ವಿಳಾಸ ಕೊಡುತ್ತಿತ್ತು. ಅದನ್ನು ಫ್ರೀ ಮಾಡಿದರೆ ಕಥೆ ಮುಗೀತು. ಅಂದರೆ ಏನು ತಪ್ಪಾಯಿತು ಅಂತ ಕೇಳಿದ್ದಕ್ಕೇ ಪ್ರೋಗ್ರಾಂ ಸಾಯುತ್ತಿತ್ತು!

ವಿಂಡೋಸ್‌ನಲ್ಲಿ ಹಿಡಿಯುವುದು ಇನ್ನೂ ಕಷ್ಟ. ಕೆಲವು ಬಿಲ್ಡ್‌ಗಳಲ್ಲಿ ಏನೂ ಆಗದೆ ಸುಮ್ನೆ ಓಡುತ್ತದೆ. ಡೀಬಗ್ ಸಿ ರನ್‌ಟೈಮ್ ಇದ್ದರೆ ಮ್ಯಾಲಕ್ ಬ್ಲಾಕ್‌ನ ಮುಂದೆ ತನ್ನ ಹೆಡರ್ ಇಟ್ಟಿರುತ್ತದೆ, ಆ ಪಾಯಿಂಟರ್ ಹೀಪ್‌ಗೆ (ಮೆಮೊರಿ ಹಂಚುವ ಜಾಗಕ್ಕೆ) ಗೊತ್ತಿರುವ ವಿಳಾಸವೇ ಅಲ್ಲ. ಹೀಪ್ ಕರಪ್ಷನ್ ಆಗುತ್ತದೆ, ಕ್ರ್ಯಾಶ್ ಇನ್ನೆಲ್ಲೋ ಕಾಣಬಹುದು.

ಪರಿಹಾರಕ್ಕೆ ಜಾಸ್ತಿ ಕೋಡ್ ಬೇಕಿಲ್ಲ. ರಿಟರ್ನ್ ಟೈಪನ್ನು ಇಂಟ್‌ಪಿಟಿಆರ್ (ಬರೀ ವಿಳಾಸ ಹಿಡಿಯುವ ಟೈಪ್) ಮಾಡಿ. ಪಿಟಿಆರ್-ಟು-ಸ್ಟ್ರಿಂಗ್-ಯುಟಿಎಫ್8 ಬಳಸಿ ಕಾಪಿ ತೆಗೆದುಕೊಳ್ಳಿ. ಆನ್ಸಿ ಆವೃತ್ತಿ ಬೇಡ, ಲೈಬ್ರರಿ ಯುಟಿಎಫ್8 ಕೊಡುತ್ತಿದ್ದರೆ ವಿಂಡೋಸ್‌ನಲ್ಲಿ ಇಂಗ್ಲಿಷ್ ಅಲ್ಲದ ಅಕ್ಷರ ಕೆಡುತ್ತವೆ. ಮೆಮೊರಿ ಬಿಡುವ ಹೊಣೆ ನಿಮ್ಮದಾಗಿದ್ದರೆ ಫೈನಲಿ ಬ್ಲಾಕ್‌ನಲ್ಲಿ ಅದೇ ಲೈಬ್ರರಿಯ ಫ್ರೀ ಫಂಕ್ಷನ್ ಕರೆಯಿರಿ. ಡಾಟ್‌ನೆಟ್‌ನ ಫ್ರೀಎಚ್‌ಗ್ಲೋಬಲ್ ಹೇಗೂ ಹತ್ತಿರದಲ್ಲೇ ಇದೆ ಅಂತ ಅದನ್ನು ಕರೆಯಬೇಡಿ, ಅದರ ಹೀಪ್ ಮತ್ತು ಲೈಬ್ರರಿಯ ಹೀಪ್ ಒಂದೇ ಅನ್ನುವ ಖಾತ್ರಿ ಇಲ್ಲ. ಸ್ಟ್ಯಾಟಿಕ್ ಸ್ಟ್ರಿಂಗ್ ಆಗಿದ್ದರೆ ಏನನ್ನೂ ಫ್ರೀ ಮಾಡಬೇಡಿ. ಲೈಬ್ರರಿ ಕೊಟ್ಟ ಹ್ಯಾಂಡಲ್ ಥರದ್ದನ್ನು ತುಂಬಾ ಹೊತ್ತು ಇಟ್ಟುಕೊಳ್ಳುವುದಾದರೆ, ಅದನ್ನು ಸುರಕ್ಷಿತವಾಗಿ ಬಿಡುವ ಸೇಫ್‌ಹ್ಯಾಂಡಲ್ ಕ್ಲಾಸ್ ಒಳ್ಳೆಯದು.

ಡಿಎಲ್‌ಎಲ್‌ಇಂಪೋರ್ಟ್ ಬದಲು, ಡಾಟ್‌ನೆಟ್ 7ರಲ್ಲಿ ಬಂದ ಲೈಬ್ರರಿಇಂಪೋರ್ಟ್‌ಗೆ ಬದಲಾದರೆ ಇದು ತಪ್ಪುತ್ತದೆ ಅಂದುಕೊಳ್ಳಬೇಡಿ. ಸ್ಟ್ರಿಂಗ್ ಅಂತ ಬರೆದರೆ ಅದು ಹುಟ್ಟಿಸುವ ಕೋಡ್ ಕೂಡ ಹಾಗೇ ಬಿಡುಗಡೆ ಮಾಡುತ್ತದೆ.

ಇನ್ನೊಂದು ವಿಷಯ. ಆ ಲೈಬ್ರರಿಯ ಹೆಡರ್ ಫೈಲ್‌ನಲ್ಲಿ (ಫಂಕ್ಷನ್‌ಗಳ ಪಟ್ಟಿ ಇರುವ ಸಿ ಫೈಲ್) ಸ್ಟ್ರಿಂಗ್ ಬಿಡಲು ಒಂದು ಫಂಕ್ಷನ್ ಇತ್ತು. ರ್ಯಾಪರ್‌ನಲ್ಲಿ ಮಾತ್ರ ಅದರ ಸುದ್ದಿಯೇ ಇರಲಿಲ್ಲ. ಲೈಬ್ರರಿ ಮಾರಿದವರನ್ನು ಕೇಳಿದರೆ ‘ನಮ್ಮಲ್ಲಿ ಸರಿಯಾಗಿ ನಡೀತಿದೆ’ ಅಂದರು. ರ್ಯಾಪರ್ ಯಾರೇ ಕೊಟ್ಟಿರಲಿ, ಪಕ್ಕದಲ್ಲಿ ಹೆಡರ್ ತೆರೆದಿಟ್ಟುಕೊಂಡು ಒಂದೊಂದೇ ಫಂಕ್ಷನ್ ಹೋಲಿಸಿ ನೋಡಿ.